ಆಯಿಯ ಹೆಸರಿಗೆ ಬಿದ್ದ ಲಂಗೋಟಿಗಳು

ನಮ್ಮ ಕಡೆ ಕೂಸು ಹುಟ್ಟುವ ಮೊದಲು ಅದಕ್ಕೆಂದು ಒಂದು ಹೊಲಿಗೆಯನ್ನೂ ಹಾಕುತ್ತಿರಲಿಲ್ಲ. ಹುಟ್ಟಿದ ಮೇಲೆ ಕಟ್ಟುವ ಮೊದಲ ಲಂಗೋಟಿ ಹಳೆಯ ಸೀರೆಯದೇ ಆಗಬೇಕು. ಹಳೆಯದೆಂದರೆ ಯಾರದೋ ಹಳೆಯದಲ್ಲ. ವಯಸ್ಸಾದ, ಕೈಕಾಲು ಗಟ್ಟಿಯಿರುವ, ಹೆತ್ತ ಮಕ್ಕಳನ್ನೆಲ್ಲ ಉಳಿಸಿಕೊಂಡ ಹೆಂಗಸು ಉಟ್ಟು ಉಟ್ಟು ಮೆತ್ತಗೆ ಮಾಡಿದ ಸೀರೆ. ಆಕೆಯ ಆಯುಷ್ಯ ಕೂಸಿಗೂ ಬರಲಿ ಎಂದು. ಇಳಕಲ್ಲಿನ ನೇಕಾರರ ಓಣಿ ನಮ್ಮದು, ಮನೆಮನೆಗೆ ಮಗ್ಗ, ಹೊಸ ಸೀರೆಗೇನು ಬರವಿರಲಿಲ್ಲ. ಆದರೂ ಬಸುರಿ ಹೆಣ್ಣುಮಗಳಿರುವ ಮನೆಯವರು ದಿನ ತುಂಬುತ್ತಿದ್ದಂತೆ ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದರು. ಅವರಿಗೆ ಬೇಕಾಗಿದ್ದುದು ನಮ್ಮ ಆಯಿಯ ಸೀರೆ.

ಆಯಿ ಎಂದರೆ ನಮ್ಮಪ್ಪನ ತಾಯಿ. ನಸುಕಿನಲ್ಲಿ ತಣ್ಣೀರು ಹೊಯ್ದುಕೊಂಡು, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸದೆ ಹನಿ ನೀರು ಬಾಯಿಗೆ ಹಾಕಿದವಳಲ್ಲ. ಮಡಿ, ಸ್ವಚ್ಛ ಎಂದರೆ ಓಣಿಯಲ್ಲಿ ಅವಳದೇ ಮಾತು. ಸೀರೆ ಕೇಳಿ ಬಂದವರನ್ನು ಸ್ವಲ್ಪ ಕಾಯಿಸುತ್ತಿದ್ದಳು. "ಇರ್ಲಿ ತಗೊಳ್ರೆವಾ, ನಂದೇನ್ ಸೀರಿ ಮುತ್ತಿಂದೇನು," ಎಂದು ಬಿಂಕದಿಂದ ಒಳಗೆ ಹೋಗಿ, ಮೊದಲೇ ಒಗೆದು ಮಡಿಚಿಟ್ಟದ್ದನ್ನು ತಂದುಕೊಡುತ್ತಿದ್ದಳು. ಆ ಬಿಂಕ ನನಗೆ ಬಹಳ ಸೇರುತ್ತಿತ್ತು. ಜೀವನವಿಡೀ ದುಡಿದ ಹೆಂಗಸಿಗೆ ಊರು ಕೊಟ್ಟ ಮರ್ಯಾದೆ ಅದೊಂದೇ.

ನನ್ನ ತಂಗಿ ಹುಟ್ಟಿದಾಗಲೂ ಕಟ್ಟಿದ್ದು ಆಯಿಯ ಸೀರೆಯ ಲಂಗೋಟಿಯನ್ನೇ. ತಂಗಿ ಬೆಳೆದಳು, ಆದರೆ ಕೂರಲಿಲ್ಲ, ನಿಲ್ಲಲಿಲ್ಲ, ಮಾತು ಕಲಿಯಲಿಲ್ಲ. ಬಾಗಲಕೋಟೆಯ ದವಾಖಾನೆಗೆ ಹೊತ್ತುಕೊಂಡು ಹೋಗಿ ಬಂದ ಅಪ್ಪ ಮಗ್ಗದ ಕುಣಿಗಿಳಿದು ಕೂತವನು ಕತ್ತಲಾದರೂ ಮೇಲೇಳಲಿಲ್ಲ. ಓಣಿಗೆಲ್ಲ ಗೊತ್ತಿದ್ದ ಸಂಗತಿ. ಯಾರೂ ಎದುರಿಗೆ ಕೇಳುತ್ತಿರಲಿಲ್ಲ, ನಾವೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಅವಳನ್ನು ಸಣ್ಣಾಕಿ ಎನ್ನುತ್ತಿದ್ದೆವು. ಸಣ್ಣಾಕಿಗೆ ಒಂಬತ್ತು ಹತ್ತು ವರ್ಷವಾದರೂ ಲಂಗೋಟಿ ತಪ್ಪಲಿಲ್ಲ.

ಅವುಗಳನ್ನು ಹೊಲಿಯುವವಳು ನಾನು. ಸಾಲೆ ಬಿಡಿಸಿದ ಮೇಲೆ, ವರ ಸಿಗುವ ತನಕ ಇರಲಿ ಎಂದು ನನ್ನನ್ನು ಹೊಲಿಗೆ ಕ್ಲಾಸಿಗೆ ಹಾಕಿದ್ದರು. ಅಲ್ಲಿ ಜಬಲ, ಲಂಗ, ಜಂಪರು ಕಲಿಸಿದರು. ಹತ್ತು ವರ್ಷದ ಹುಡುಗಿಯ ಲಂಗೋಟಿಯನ್ನು ಯಾರು ಕಲಿಸುತ್ತಾರೆ? ಕೂಸಿಗಾದರೆ ಮುಕ್ಕೋನ ಮಡಿಚಿ ಸಿಕ್ಕಿಸಿದರಾಯಿತು. ಇವಳಿಗೆ ಅದು ತೊಡೆಗೇ ಸಾಲುತ್ತಿರಲಿಲ್ಲ. ನಾನೇ ಅಳತೆ ಹಿಡಿದು, ಉದ್ದನೆಯ ತುಂಡು ಕತ್ತರಿಸಿ, ನಡುವೆ ಅಪ್ಪನ ಹಳೆಯ ಧೋತರವನ್ನು ಪದರಪದರವಾಗಿಟ್ಟು ಹೊಲಿದೆ. ಎರಡೂ ಬದಿಗೆ ಲಾಡಿ ಇಟ್ಟೆ. ಗಂಟು ಬೆನ್ನ ಹಿಂದೆ ಬಂದರೆ ಮಲಗಿದವಳಿಗೆ ಒತ್ತುತ್ತದೆ, ಅದಕ್ಕೇ ಪಕ್ಕಕ್ಕೆ. ಟೇಪು ಸುತ್ತುವಾಗ ಸಣ್ಣಾಕಿಗೆ ಕಚಗುಳಿಯಾಗಿ ನಗುತ್ತಿದ್ದಳು. ಅವಳು ನಕ್ಕರೆ ಅವ್ವನಿಗೆ ಸಿಟ್ಟು ಬರುತ್ತಿತ್ತು.

ಹಾಸಿಗೆ ತೊಯ್ಯದ ಹಾಗೆ ಲಂಗೋಟಿಯ ಮೇಲೊಂದು ಚೀಲ ಬೇಕಲ್ಲ. ರಬ್ಬರ್ ಶೀಟು ತರುವಷ್ಟು ಅನುಕೂಲ ನಮಗಿರಲಿಲ್ಲ. ಮರೋಳದಲ್ಲಿ ಒಕ್ಕಲುತನ ಮಾಡುವ ಸೋದರಮಾವ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ತಂದುಕೊಡುತ್ತಿದ್ದ. ಸೋಡಾ ಹಾಕಿ ಎಷ್ಟು ತೊಳೆದರೂ ಮೊದಮೊದಲು ವಾಸನೆ ಬಿಡುತ್ತಿರಲಿಲ್ಲ. ಅದನ್ನು ಮಷೀನಿಗೆ ಕೊಟ್ಟರೆ ಸೂಜಿ ಹೋದಲ್ಲೆಲ್ಲ ತೂತು ಬಿದ್ದು, ಅಂಚೆ ಚೀಟಿ ಹರಿದಂತೆ ಸರ್ರನೆ ಹರಿಯುತ್ತಿತ್ತು. ನಾಲ್ಕಾರು ಕೆಡಿಸಿದ ಮೇಲೆ ದಾರಿ ಹೊಳೆಯಿತು. ಮೇಲೊಂದು ಕೆಳಗೊಂದು ಪೇಪರಿನ ತುಂಡಿಟ್ಟು, ಹೊಲಿಗೆ ದೊಡ್ಡದು ಮಾಡಿ ಹೊಲಿದು, ಆಮೇಲೆ ಪೇಪರು ಕಿತ್ತು ಹಾಕುವುದು. ನಡುವೆಲ್ಲೂ ಸೂಜಿ ಆಡಿಸಬಾರದು, ಅಂಚಿಗೆ ಮಾತ್ರ. ಅಂಚು ಮೈಗೆ ಕೊರೆಯದ ಹಾಗೆ, ಗುಳೇದಗುಡ್ಡದ ನಮ್ಮ ಚಿಗವ್ವ ಕಳಿಸುತ್ತಿದ್ದ ಖಣದ ಚೂರುಗಳನ್ನು ಸುತ್ತಲೂ ಪಟ್ಟಿಯಾಗಿ ಕಟ್ಟುತ್ತಿದ್ದೆ. ಊರಿನ ಹೆಂಗಸರು ಹಬ್ಬಕ್ಕೆ ತೊಡುವ ಖಣ ನಮ್ಮ ಸಣ್ಣಾಕಿಯ ಸೊಂಟದಲ್ಲಿ. ನನಗೆ ಅದರಲ್ಲೊಂದು ಹಟವೂ ಇತ್ತು, ಸುಳ್ಳೇಕೆ ಹೇಳಲಿ. ಯಾರೂ ನೋಡದ ಹುಡುಗಿಗೆ ಚಂದದ್ದು ಯಾಕಿರಬಾರದು?

ಅವ್ವನಿಗೆ ಇದ್ದ ಚಿಂತೆ ಒಂದೇ, ನನ್ನ ಮದುವೆ. "ಮಾಳಿಗಿ ಮ್ಯಾಲ ಒಣ ಹಾಕಬ್ಯಾಡ, ದಾರ್ಯಾಗ ಹೋಗವ್ರು ನೋಡ್ತಾರ. ತಂಗಿ ಹಿಂಗದಾಳಂದ್ರ ನಿನ್ನ ಯಾರ ಮಾಡ್ಕೋತಾರ?" ಎನ್ನುತ್ತಿದ್ದಳು. ಹಿತ್ತಲ ಮೂಲೆಯಲ್ಲಿ, ಹಳೆಯ ಸೀರೆಯೊಂದರ ಮರೆಯಲ್ಲಿ ಅವು ಒಣಗುತ್ತಿದ್ದವು.

ಬಾಗಲಕೋಟೆಯಿಂದ ಕನ್ಯೆ ನೋಡಲು ಬಂದದ್ದು ಶ್ರಾವಣದಲ್ಲಿ. ಹುಡುಗ ಕಚೇರಿಯಲ್ಲಿ ಗುಮಾಸ್ತ. ಅವನ ಜೊತೆ ಅವನ ತಾಯಿ, ಮತ್ತೆ ಅವನ ದೊಡ್ಡಪ್ಪನ ಹೆಂಡತಿ ದೊಡ್ಡವ್ವ. ಆ ದೊಡ್ಡವ್ವನ ತವರು ನಮ್ಮೂರ ಪೇಟೆಯಲ್ಲೇ. ಸಣ್ಣಾಕಿಗೆ ಎರಡು ಪಟ್ಟು ಪದರದ ಲಂಗೋಟಿ ಕಟ್ಟಿ, ಮೇಲೆ ಹೊಸ ಪ್ಲಾಸ್ಟಿಕ್ ಚೀಲ ಬಿಗಿದು, ಹಿಂದಿನ ಕೋಣೆಯಲ್ಲಿ ಮಲಗಿಸಿ ಅವ್ವ ಚಿಲಕ ಹಾಕಿದಳು. ಅವರು ಹೋಗುವ ತನಕ ಬಾಗಿಲು ತೆರೆಯುವ ಪ್ರಸಂಗ ಬರಬಾರದು, ಅದಕ್ಕೆ ತಕ್ಕ ಹಾಗೆ ಹೊಲಿ ಎಂದು ವಾರದ ಹಿಂದೆಯೇ ಅಪ್ಪಣೆಯಾಗಿತ್ತು. ನನ್ನನ್ನು ತೋರಿಸುವ ದಿನಕ್ಕೆ ನಾನೇ ನನ್ನ ತಂಗಿಯನ್ನು ಮುಚ್ಚಿಡುವ ಬಟ್ಟೆ ಹೊಲಿದೆ.

ಕೋಣೆಯ ಚಿಲಕ ನೆನಪಿಟ್ಟ ಅವ್ವ ಹಿತ್ತಲನ್ನು ಮರೆತಳು. ಜಿಟಿಜಿಟಿ ಮಳೆಗೆ ಒಣಗದ ಲಂಗೋಟಿಗಳು ಹಿತ್ತಲ ಚಪ್ಪರದ ಕೆಳಗೆ ಸಾಲಾಗಿ ತೂಗುತ್ತಿದ್ದವು. ಸೂಸಲ ತಿಂದು ಕೈ ತೊಳೆಯಲು ಹೋದ ದೊಡ್ಡವ್ವ ಒಂದನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಪಡಸಾಲೆಗೆ ಬಂದಳು.

"ಮನ್ಯಾಗ ಕೂಸು ಇಲ್ಲಂದ್ರಿ. ಇದ್ಯಾರದ್ರಿ ಮತ್ತ? ಇಷ್ಟ ದೊಡ್ಡ ಲಂಗೋಟಿ?"

ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ಹುಡುಗಿಗೇ ಏನೋ ರೋಗ ಎಂದುಕೊಂಡರೆಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಅವ್ವ ಬಾಗಿಲ ಹತ್ತಿರ ಕೂತಿದ್ದ ಆಯಿಯ ಕಡೆಗೆ ಕೈ ತೋರಿಸಿದಳು.

"ನಮ್ಮ ಅತ್ತಿಯವರವ್ರಿ. ವಯಸ್ಸಾಗೈತಲ್ರಿ, ತಡಿಯಾಕ ಆಗೂದಿಲ್ಲ ಅವರಿಗೆ."

ಆಯಿ ತಲೆಯೆತ್ತಿದಳು. ಹಣೆಯ ತುಂಬ ವಿಭೂತಿ, ಬಿಳಿ ಹಾಲಿನಂಥ ಸೆರಗು. ಅವ್ವನನ್ನು ನೋಡಿದಳು, ನನ್ನನ್ನು ನೋಡಿದಳು, ಹಿಂದಿನ ಕೋಣೆಯ ಬಾಗಿಲು ನೋಡಿದಳು. "ಹೌದ್ರೆವಾ, ನನ್ನವ," ಎಂದಳು. ಅಷ್ಟೇ. ಬಳಿಕ ಬೀಗರಿಗೆಂದು ಆಯಿ ನೀರು ತಂದಾಗ ಹುಡುಗನ ತಾಯಿ, "ಅಲ್ಲೇ ಇಡ್ರಿ," ಎಂದಳು. ಆ ತಂಬಿಗೆಯನ್ನು ಯಾರೂ ಮುಟ್ಟಲಿಲ್ಲ.

ಮದುವೆ ನಿಶ್ಚಯವಾಯಿತು. ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಮದುವೆಯ ಅಕ್ಕಿಕಾಳಿನ ದಿನ ಆಯಿ ತಾನಾಗಿಯೇ, "ಸಣ್ಣಾಕಿ ಕೂಡ ನಾ ಮನ್ಯಾಗಿರ್ತೇನಿ, ನೀವು ಹೋಗ್ರಿ," ಎಂದಳು. ಬರಬೇಡ ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ.

ದೊಡ್ಡವ್ವನ ತವರು ಪೇಟೆಯಲ್ಲಿತ್ತೆಂದೆನಲ್ಲ. ಮಾತು ಅಲ್ಲಿಂದ ಊರಿಗೆಲ್ಲ ಹಬ್ಬಿತು. ಮುದುಕಿಗೆ ಹಿಡಿತ ತಪ್ಪಿದೆಯಂತೆ, ಮಡಿ ಮೈಲಿಗೆ ಅರಿವಿಲ್ಲವಂತೆ. ಮೊದಲು ಬೇರೆ ಓಣಿಯವರು ಸೀರೆ ಕೇಳಲು ಬರುವುದು ನಿಂತಿತು. ಅದಕ್ಕಾದರೂ ಅರ್ಥವಿತ್ತು. ನಮ್ಮ ಓಣಿಯವರಿಗೆ ಖರೆ ಏನೆಂದು ಗೊತ್ತಿತ್ತಲ್ಲ, ಅವರೂ ನಿಲ್ಲಿಸಿದರು! ನಾನು ಪಂಚಮಿಗೆ ತವರಿಗೆ ಬಂದಾಗ ಎದುರು ಮನೆಯ ಹೆಂಗಸು ಕೂಸನ್ನೆತ್ತಿಕೊಂಡು ನಿಂತಿದ್ದಳು. ಅದಕ್ಕೆ ಯಾರ ಸೀರೆ ಕಟ್ಟಿದಿರಿ ಎಂದು ಬೇಕೆಂದೇ ಕೇಳಿದೆ. "ನಮಗ ಗೊತ್ತೈತೆವಾ ನಿಮ್ಮ ಆಯಿಗೆ ಏನೂ ಆಗಿಲ್ಲಂತ. ಆದ್ರ ಮಂದಿ ಬಾಯಿ ಯಾರ ಹಿಡೀಬೇಕು," ಎಂದಳು. ಆಯಿಯ ಒಗೆದ ಸೀರೆಗಳು ಟ್ರಂಕಿನಲ್ಲಿ ಉಳಿದವು. ನಿನಗೆ ಏನೂ ಅನಿಸುವುದಿಲ್ಲವೇ ಎಂದು ಕೇಳಿದರೆ ಆಯಿ, "ನಿನ್ನ ಸಂಸಾರ ಆತಲ್ಲ, ಸಾಕ್ಬಿಡು. ನಿಮ್ಮತ್ತಿ ಮನಿಯವ್ರಿಗೆ ಗೊತ್ತಾಗಬಾರದಿತ್ತು, ಗೊತ್ತಾಗಲಿಲ್ಲ," ಎಂದಳು. ಅವಳ ಸಮಾಧಾನ ಅದೊಂದೇ ಆಗಿತ್ತು. ನಾನು ಗಂಡನಿಗೆ ತಂಗಿಯ ವಿಷಯ ಹೇಳಿದ್ದೆ. "ನಮ್ಮವ್ವನ ಮುಂದ ಅನಬ್ಯಾಡ," ಎಂದು ಹೇಳಿ ಅವರು ಪೇಪರು ಹಿಡಿದಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ನಾನು ಚೊಚ್ಚಲ ಬಾಣಂತನಕ್ಕೆ ಇಳಕಲ್ಲಿಗೆ ಬಂದೆ. ಗಂಡು ಹುಟ್ಟಿತು. ದವಾಖಾನೆಯಿಂದ ಮನೆಗೆ ಬಂದ ದಿನ ಆಯಿ ಹೊಸ್ತಿಲಲ್ಲೇ ನಿಂತಿದ್ದಳು. ಮದುವೆಯ ವರ್ಷದಿಂದ ಇದಕ್ಕೆಂದೇ ತೆಗೆದಿಟ್ಟ ಸೀರೆ ಕೈಯಲ್ಲಿತ್ತು. ಅಪ್ಪನೇ ನೇಯ್ದದ್ದು, ಒಗೆದೂ ಒಗೆದೂ ಬಣ್ಣ ಹೋಗಿ ಬೆಣ್ಣೆಯಂತಾಗಿತ್ತು. ಊರು ತನ್ನ ಸೀರೆ ಬಿಟ್ಟರೂ ಮೊಮ್ಮಗಳ ಕೂಸು ಬಿಡುವುದಿಲ್ಲವಲ್ಲ ಎಂಬ ಧೈರ್ಯ ಅವಳಿಗೆ. ನಮ್ಮತ್ತೆ, ಆ ದೊಡ್ಡವ್ವ ಇಬ್ಬರೂ ಕೂಸು ನೋಡಲು ಬಂದು ಒಳಗೆ ಕೂತಿದ್ದರು. ಆಯಿ ಸೀರೆ ಮುಂದೆ ಚಾಚಿದಳು.

ಅತ್ತೆ ಕೈ ಅಡ್ಡ ಹಿಡಿದರು. "ಬ್ಯಾಡ್ರಿ. ನಾವು ಬಾಗಲಕೋಟಿಯಿಂದ ಹೊಸ ಅರಿವಿ ತಂದೀವಿ."

ಆಯಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. ಸೀರೆ ಹಿಡಿದುಕೊಂಡೇ ಹಿಂದಿನ ಕೋಣೆಗೆ, ಸಣ್ಣಾಕಿಯ ಹತ್ತಿರ ಹೋದಳು.

ದೊಡ್ಡವ್ವ ತವರಿಗೆಂದು ಪೇಟೆಗೆ ಎದ್ದು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಅತ್ತಿಯವರ, ಅವು ನಮ್ಮ ಆಯಿ ಲಂಗೋಟಿ ಅಲ್ಲರಿ. ನನಗೊಬ್ಬಾಕಿ ತಂಗಿ ಅದಾಳ. ಆ ಕ್ವಾಣ್ಯಾಗ ಅದಾಳ. ಹೋಗಿ ನೋಡ್ರಿ ಬೇಕಾದ್ರ," ಎಂದುಬಿಟ್ಟೆ. ಅವ್ವ ಹೌಹಾರಿ ಬಾಗಿಲಿಗೆ ಒರಗಿದಳು.

ಅತ್ತೆ ನನ್ನ ಮಗನ ಟೊಪ್ಪಿಗೆ ಸರಿಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಗೊತ್ತೈತಿ," ಎಂದರು. "ಕನ್ಯಾ ನೋಡಾಕ ಬರೂ ಮುಂದ ಓಣ್ಯಾಗ ಕೇಳದ ಬರ್ತೀವೇನ? ನನ್ನ ಮಗಗ ಎಲ್ಲಾ ಕಡೆ ಹೊಂದಿ ಹೊಂದಿ ತಪ್ಪಿದ್ವು, ನನಗೂ ಸಾಕಾಗಿತ್ತು. ನಮ್ಮಕ್ಕಗ, ಅದ ಈ ದೊಡ್ಡವ್ವಗ, ಗೊತ್ತಾಗಿದ್ರ ಈ ಸಂಬಂಧನೂ ಮುರೀತಿದ್ಲು. ನಿಮ್ಮವ್ವ ಛಲೋ ಹೇಳಿದ್ರು, ಮುದುಕಿ ಅಂದ್ರ ಮುಗೀತು."

"ಮತ್ತ ಸೀರಿ ಯಾಕ ಬ್ಯಾಡಂದ್ರಿ?"

"ಅಕ್ಕ ಎದುರಿಗೆ ಕುಂತಿದ್ಲಲ್ಲ. ಮುದುಕಿವ ಅಂದಿದ್ದಕ್ಕ ಅವತ್ತ ಹೂಂ ಅಂದು ಇವತ್ತ ಆ ಸೀರಿ ಹೆಂಗ ತಗೊಳ್ಳೂದು? ಮಂದಿ ಏನಂದಾರು?" ಎಂದು ಅವರು ತಾವು ತಂದ ಗಂಜಿ ಹಾಕಿದ ಹೊಸ ಬಟ್ಟೆಯನ್ನು ಕೂಸಿಗೆ ಕಟ್ಟಿದರು. ಅದು ಒಂದು ಹನಿಯನ್ನೂ ಹೀರಲಿಲ್ಲ. ಹುಡುಗನ ತೊಡೆ ಸಂಜೆಗೆ ಕೆಂಪಾಯಿತು.

ಅವರು ಊರಿಗೆ ಹೋದ ಮೇಲೆ ನಾನು ಕೂಸನ್ನೆತ್ತಿಕೊಂಡು ಹಿಂದಿನ ಕೋಣೆಗೆ ಹೋದೆ. ಆಯಿ ನೆಲದ ಮೇಲೆ ಕೂತು ಆ ಸೀರೆಯನ್ನು ನೂಲು ಹಿಡಿದು ಹರಿಯುತ್ತಿದ್ದಳು. ಅಳತೆ ನನ್ನ ಮಗನದಲ್ಲ, ಸಣ್ಣಾಕಿಯದು. ಅವಳಿಗೆ ಸಂತೋಷವಾದೀತು, ಅಪವಾದ ಕಳೆಯಿತೆಂದು ಹಗುರಾದಾಳು ಎಂದು ನನ್ನ ಎಣಿಕೆ. "ಆಯಿ, ಅತ್ತಿಯವ್ರಿಗೆ ಖರೆ ಹೇಳಿದೆ. ಅವ್ರಿಗೆ ಮೊದಲಿಂದ ಎಲ್ಲಾ ಗೊತ್ತಿತ್ತಂತ," ಎಂದೆ.

ಹರಿಯುತ್ತಿದ್ದ ಕೈ ನಿಂತಿತು. ಆಯಿ ನನ್ನ ಮುಖವನ್ನೇ ನೋಡಿದಳು. ಅಷ್ಟು ವರ್ಷ ಅವಳ ಕಣ್ಣಲ್ಲಿ ನೀರು ಕಂಡವಳಲ್ಲ ನಾನು.

"ಗೊತ್ತಿತ್ತೇನು? ಮತ್ತ ಯಾರ ಸಲುವಾಗಿ ಸುಮ್ಮನಿದ್ದೆ ನಾ?" ಎಂದು ಕೇಳಿದಳು.