ಅರವತ್ತೆರಡು ಸೆಂಟಿಮೀಟರಿನ ಅಪವಾದ

ಕೋವಿಡ್ ಮುಗಿದ ಮರುವರ್ಷ ನಾನು ಆಸ್ಟಿನ್‌ನ ವಿಶ್ವವಿದ್ಯಾಲಯವೊಂದರಲ್ಲಿ ರೆಕಾರ್ಡ್ಸ್ ಅನಲಿಸ್ಟ್ ಆಗಿದ್ದೆ. ಟರ್ಕಿಯ ಒಂದು ರೋಮನ್ ಪಟ್ಟಣವನ್ನು ಹಿಂದಿನ ಶತಮಾನದಲ್ಲಿ ಅಗೆದವರ ನೋಟ್‌ಬುಕ್‌ಗಳನ್ನು ನಕ್ಷೆ, ಫೋಟೋಗಳೊಡನೆ ತಾಳೆ ನೋಡಿ, ತಿದ್ದಿ, ಆನ್‌ಲೈನ್‌ಗೆ ಏರಿಸುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಅಪ್ಪ ಗಾರೆ ಕೆಲಸದವರು.

ಒಂದು ನೋಟ್‌ಬುಕ್ಕಿನಲ್ಲಿ ಆ ಅಗೆತದ ಡೈರೆಕ್ಟರ್ ಸಾಹೇಬ ಬರೆದಿದ್ದ: ‘ನಾಣ್ಯ ನೆಲಹಾಸಿನ ಕೆಳಗೆ ಸಿಕ್ಕಿತೆಂದು ಕೂಲಿ ಯೂಸುಫ್ ಸುಳ್ಳು ಹೇಳಿದ. ಕೆಲಸದಿಂದ ತೆಗೆದೆ.’ ಆಧಾರ? ನೆಲಹಾಸಿನ ಆಳ 190 ಸೆಂಟಿಮೀಟರ್, ನಾಣ್ಯದ್ದು 140. ನಾಣ್ಯ ಕೆಳಗಿದ್ದರೆ ಕಟ್ಟಡ ನಾಣ್ಯಕ್ಕಿಂತ ಈಚಿನದು; ಕಟ್ಟಡ ಅದಕ್ಕಿಂತ ಹಳೆಯದೆಂಬ ಸಾಹೇಬನ ಸಿದ್ಧಾಂತವೇ ಬೀಳುತ್ತಿತ್ತು.

ಆಳವನ್ನು ಗೋಡೆಗೆ ಹೊಡೆದ ಒಂದು ಮೊಳೆಯಿಂದ ಅಳೆಯುತ್ತಿದ್ದರು. ನಾಣ್ಯ ಸಿಗುವ ಹಿಂದಿನ ದಿನದ ಫೋಟೋದಲ್ಲಿ ಆ ಗೋಡೆಯೇ ಇಲ್ಲ. ಕೊನೆಯ ನಕ್ಷೆಯಲ್ಲಿ ಅದೇ ನೆಲಹಾಸಿನ ಆಳ 128. ನೆಲ ತಾನಾಗಿ ಮೇಲೇಳುತ್ತದೆಯೇ? ಗೋಡೆ ಕೆಡವಿದ ಮೇಲೆ ಮೊಳೆಗಿಂತ 62 ಸೆಂಟಿಮೀಟರ್ ತಗ್ಗಿನಲ್ಲಿದ್ದ ಕಲ್ಲಿನಿಂದ ಅಳೆದು, ಅದನ್ನು ಬರೆಯದೆ ಬಿಟ್ಟಿದ್ದರು. ಕೂಡಿಸಿ ನೋಡಿದೆ: ನಾಣ್ಯ 202ರಲ್ಲಿತ್ತು. ನೆಲದ ಕೆಳಗೇ.

ಮೈ ಉರಿಯಿತು. ತಪ್ಪು ಅಳೆದವನು ಸಾಹೇಬ, ಸುಳ್ಳನಾದವನು ಯೂಸುಫ್. ಓನರ್‌ಗಳ ಮುಂದೆ ಅಪ್ಪ ಇಂಥದ್ದು ಎಷ್ಟು ಸಲ ನುಂಗಿದ್ದರೋ.

ನಮ್ಮ ಪ್ರಾಜೆಕ್ಟ್ ಹೆಡ್ ಮೈಸೂರಿನವರು. ಹ್ಯೂಸ್ಟನ್‌ನಿಂದ ವಾರಕ್ಕೊಮ್ಮೆ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಲೆಕ್ಕ ಒಪ್ಪಿದರು, ಬೆನ್ನೂ ತಟ್ಟಿದರು. ಯೂಸುಫನ ವಿಷಯ ಎತ್ತಿದಾಗ ಮುಖ ಸಣ್ಣದಾಯಿತು.

“ನಂಬರ್ ಸರಿ ಮಾಡಮ್ಮ, ಸಾಕು. ಸತ್ತೋರಿಗೆ ನ್ಯಾಯ ಕೊಡ್ಸೋದು ನಮ್ಮ ಸ್ಕೋಪ್ ಅಲ್ಲ.”

“ಸತ್ತೋರನ್ನ ಸುಳ್ಳ ಅಂತ ಆನ್‌ಲೈನ್ ಹಾಕೋದು ಸ್ಕೋಪಾ ಸಾರ್?”

“ಸರಿ, ಫುಟ್‌ನೋಟಲ್ಲಿ ಹಾಕು.”

“ಬೈದಿರೋದು ಮೇಲ್ಗಡೆ, ತಿದ್ದೋದು ಕಾಲ್ಗಡೆನಾ? ಹಾಗಾದ್ರೆ ನನ್ನ ಸೈನ್ ಇಲ್ಲ.”

ನಾನು ಹಟಮಾರಿ, ಟೀಮ್ ಪ್ಲೇಯರ್ ಅಲ್ಲ ಎಂದು ಅವರಿಂದ ಮೇಲ್ ಬಂತು. ನನ್ನ ಸೈನ್ ಇಲ್ಲದೆ ದಾಖಲೆ ಆನ್‌ಲೈನ್‌ಗೆ ಏರುವಂತಿರಲಿಲ್ಲ. ಮೂರನೆಯ ವಾರ ಅವರೇ ಬಗ್ಗಿದರು. ಈಗ ಆ ನಾಣ್ಯದ ಪುಟ ತೆರೆದರೆ ಮೊದಲ ಸಾಲು: ‘ಯೂಸುಫ್ ಹೇಳಿದ್ದು ನಿಜ. ಅಳತೆ ತಪ್ಪಿದ್ದು ಡೈರೆಕ್ಟರದು.’

ನನ್ನ ಕಾಂಟ್ರಾಕ್ಟ್ ರಿನ್ಯೂ ಆಗಲಿಲ್ಲ. ಡಾಲಸ್‌ಗೆ ಶಿಫ್ಟ್ ಆಗಿ ಸರ್ವೇ ಕಂಪನಿ ಸೇರಿದೆ. ಸಿಟ್ಟು ಆರಿಲ್ಲ, ಆರಿಸಿಕೊಳ್ಳುವ ಇರಾದೆಯೂ ಇಲ್ಲ. ಅಂಕಿಯನ್ನಷ್ಟೇ ತಿದ್ದಿ ಅಪವಾದವನ್ನು ಬಿಟ್ಟರೆ ಅದು ತಿದ್ದುಪಡಿಯಲ್ಲ, ಹಳೆಯ ಸುಳ್ಳಿಗೆ ಹೊಸ ಸುಣ್ಣ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು.