ಎದುರಾಳಿಗೆ ಕಲಿಸಿದ ಓಟಿನ ಲೆಕ್ಕ

ಕಳೆದ ವಾರ ಬೈಲಹೊಂಗಲದ ಮುನಸಿಪಾಲ್ಟಿ ಚುನಾವಣೆಯಲ್ಲಿ ನಾನು ಸೋತೆ. ಸೋಲಿಸಿದ್ದು ಯಾರು ಗೊತ್ತೇ? ಬಹುಮಟ್ಟಿಗೆ ನಾನೇ!

ನಮ್ಮ ವಾರ್ಡಿಗೆ ಎರಡು ಸೀಟು, ನಿಂತವರು ಮೂವರು. ಅರಳೆ ವ್ಯಾಪಾರಿ ಈರಪ್ಪ ಸಾಹುಕಾರರು, ಪೆನ್ಶನ್ ಪಡೆದ ಸಾಲಿ ಮಾಸ್ತರನಾದ ನಾನು, ಪಿಂಜಾರ ಓಣಿಯ ಮೌಲಾಸಾಬರು (ನಮ್ಮ ಮನೆಯ ಗಾದಿಗಳ ಅರಳೆ ಹಿಂಜುವವರು ಅವರೇ). ಸಾಹುಕಾರರೂ ನಾನೂ ಪೇಟೆಯ ಜೋಡಿ.

ಓಟಿನ ಹಕ್ಕು ಗಂಡಸರಿಗಷ್ಟೇ. ಹಿಂದಿನ ಸಲವೂ ಒಬ್ಬ ಮತದಾರನಿಗೆ ಎರಡು ಓಟು. ಆದರೆ ಇಬ್ಬರಿಗೆ ಒಂದೊಂದು ಹಂಚಲೇಬೇಕಿತ್ತು. ಪೇಟೆಯ ಮಂದಿ ಹೆಚ್ಚು. ಎರಡೂ ಸೀಟು ಪೇಟೆಗೇ. ಪಿಂಜಾರ ಓಣಿಗೆ ಬೀದಿದೀಪವೂ ಇಲ್ಲ, ಮೆಂಬರೂ ಇಲ್ಲ.

ಈ ಸಲ ರೂಲು ಬದಲಾಯಿತು. ಬೇಕಾದರೆ ಎರಡೂ ಓಟು ಒಬ್ಬರಿಗೇ!

ಚುನಾವಣೆಯ ಹಿಂದಿನ ದಿನ ಮೌಲಾಸಾಬರು ನೋಟೀಸು ಹಿಡಿದು ಬಂದರು. "ಮಾಸ್ತರ, ಇದರಾಗೇನ ಬರದಾರ, ಸ್ವಲ್ಪ ಬಿಡಿಸಿ ಹೇಳ್ರಿ. ನಮ್ಮ ಓಣ್ಯಾಗ ಯಾರಿಗೂ ತಿಳೀವಲ್ದು."

ಎದುರಾಳಿಗೆ ಗುಟ್ಟು ಹೇಳುವುದೇ? ಒಂದು ಕ್ಷಣ ತಡವರಿಸಿದೆ. ಆದರೆ ಇಷ್ಟು ವರ್ಷ ಪಾಠ ಹೇಳಿದವನು, ಕೇಳಿದವರಿಗೆ ತಪ್ಪು ಹೇಳುವುದು ಹೇಗೆ? ಅವರ ಓಣಿಗೇ ಹೋಗಿ ಗೋಡೆಯ ಮೇಲೆ ಗೀಟು ಎಳೆದು ವಿವರಿಸಿದೆ. ನೀವು ಮೂವತ್ತು ಮಂದಿ ಎರಡೆರಡು ಓಟು ಒಬ್ಬರಿಗೇ ಹಾಕಿದರೆ ಅರವತ್ತು. ಪೇಟೆಯ ಐವತ್ತು ಮಂದಿ ಹಂಚಿ ಹಾಕಿದರೆ ಒಬ್ಬೊಬ್ಬರಿಗೆ ಐವತ್ತೇ!

ಹಾಗೆಯೇ ಆಯಿತು. ಮೌಲಾಸಾಬರು ಮೊದಲು, ಸಾಹುಕಾರರು ಎರಡನೆಯವರು. ನಾನು ಅವರಿಗಿಂತ ಎರಡು ಓಟು ಕಡಿಮೆ. (ಸಾಹುಕಾರರು ತಮ್ಮ ಎರಡೂ ಓಟು ತಮಗೇ ಹಾಕಿಕೊಂಡಿದ್ದರಂತೆ. ಅವರಿಗೆ ನಾನು ಪಾಠವನ್ನೇ ಹೇಳಿರಲಿಲ್ಲ!)

ಸಂಜೆ ಮೌಲಾಸಾಬರು ಬಾಗಿಲಲ್ಲೇ ನಿಂತರು. "ನಮ್ಮ ಓಣಿಗೆ ಇನ್ನರೇ ದೀಪಾ ಬರತೈತಿ. ಆದ್ರ ನಿಮಗ ಹೆಂಗ ಮುಖಾ ತೋರಸ್ಲಿ, ಮಾಸ್ತರ?"

"ಒಳಗ ಬರ್ರಿ, ಚಹಾ ಕುಡೀರಿ. ಲೆಕ್ಕಾ ತಪ್ಪಿಲ್ಲ, ನಾ ಸೋತೇನಿ ಅಷ್ಟ!" ಎಂದೆ. ಹೆಚ್ಚು ಮಂದಿ ಇದ್ದವರೇ ಎಲ್ಲ ಸೀಟಿನಲ್ಲೂ ಕೂತರೆ ಉಳಿದವರ ಮಾತು ಆಡುವವರು ಯಾರು? ಹಳೆಯ ರೂಲಿಗಿಂತ ಇದೇ ನ್ಯಾಯವೆಂದು ಮೌಲಾಸಾಬರ ಮುಂದೆ ಉತ್ಸಾಹದಿಂದ ಭಾಷಣವನ್ನೇ ಬಿಗಿದೆ.

ಚಹಾ ತಂದಿಟ್ಟ ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, ನಗುತ್ತಲೇ ಅಂದಳು:

"ರೂಲು ಭಾಳ ಚಲೋ ಐತ್ರಿ. ಎರಡೂ ಒಬ್ಬರಿಗೇ ಹಾಕಬಹುದು, ಇಬ್ಬರಿಗೂ ಹಾಕಬಹುದು. ಅದರಾಗ ನನ್ನ ಓಟು ಎಲ್ಲೈತ್ರಿ?"