ಇನ್ನೂರ ಹದಿನಾರು ಕೆಂಪು ಗೆರೆಗಳು

ಗ್ರೀಸಿನ ವಾಸನೆ ಬಂದರೆ ಜೈಂಟ್ ವೀಲ್ ನೋಡಿಕೊಳ್ಳುವ ಈ ಅಕ್ಕನಿಗೆ ಅಪ್ಪ ನೆನಪಾಗುತ್ತಾರೆ. ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುತ್ತಿದ್ದ ಅಪ್ಪ ಸೀಮೆಎಣ್ಣೆಯಲ್ಲಿ ಎಷ್ಟು ಕೈ ತೊಳೆದು ಬಂದರೂ, ತಲೆ ನೇವರಿಸುವಾಗ ಅದೇ ವಾಸನೆ. ಈಗ ಐವತ್ತೆಂಟರಲ್ಲಿ ಅದು ಅವರ ಬಟ್ಟೆಗೂ ಅಂಟಿದೆ. ಮೊಮ್ಮಗಳು ಮಡಿಲಿಗೆ ಬಂದವಳೇ ಮೂಗು ಮುಚ್ಚಿಕೊಳ್ಳುತ್ತಾಳೆ. ಇಳಿದು ಮಾತ್ರ ಹೋಗುವುದಿಲ್ಲ.

ಶನಿವಾರ, ಬೆಳಗಿನ ಐದೂಮುಕ್ಕಾಲು. ಕೆರೆಯ ಪಕ್ಕದ ಈ ಮೈದಾನಕ್ಕೆ ಸುತ್ತಲಿನ ಹಳ್ಳಿಗಳವರು ವಾರದ ಕೊನೆಗೆ ಮಕ್ಕಳುಮರಿ ಕರೆದುಕೊಂಡು ಬರುತ್ತಾರೆ. ಇವತ್ತು ಕೊಯ್ಲು ಮುಗಿದ ಖುಷಿಗೆ ಊರ ಉತ್ಸವ ಬೇರೆ. ಹತ್ತಕ್ಕೆ ಜೈಂಟ್ ವೀಲ್ ತಿರುಗಬೇಕು. ಕೈಯಲ್ಲಿ ಸ್ಪ್ಯಾನರ್ ಹಿಡಿದು ಅಕ್ಕ ಅದರ ಕೆಳಗೆ ನಿಂತು ಮೇಲೆ ನೋಡುತ್ತಾರೆ. ಎರಡು ದಿನದ ರಜೆಯಲ್ಲಿ ಮಾಲೀಕರು ಅದಕ್ಕೆ ತಲೆಯಿಂದ ಬುಡದವರೆಗೆ ನೀಲಿ ಬಣ್ಣ ಹೊಡೆಸಿದ್ದಾರೆ.

"ಮದುವಣಗಿತ್ತಿ ಥರ ಕಾಣ್ತಿಲ್ವಾ ಅಕ್ಕಾ?" ಮಾಲೀಕರು ಕೇಳುತ್ತಾರೆ.

"ಕಾಣ್ತಾಳಪ್ಪಾ. ಆದ್ರೆ ಮೈಯಲ್ಲಿ ಎಲ್ಲಿ ನೋವಿದೆ ಅಂತ ಇನ್ನು ನಂಗೆ ಗೊತ್ತಾಗಲ್ಲ."

ಆ ಜೈಂಟ್ ವೀಲಿಗೆ ಹದಿನಾರು ತೊಟ್ಟಿಲು. ಒಂದೊಂದಕ್ಕೆ ಹನ್ನೆರಡು ನಟ್ಟು, ನಡುವಿನ ಅಚ್ಚಿಗೆ ಇಪ್ಪತ್ತನಾಲ್ಕು. ಪ್ರತಿ ನಟ್ಟನ್ನೂ ಬಿಗಿ ಮಾಡಿ, ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಅವರು ಒಂದು ಕೆಂಪು ಗೆರೆ ಎಳೆದಿಡುತ್ತಾರೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ದಿನಾ ಬೆಳಿಗ್ಗೆ ಕಣ್ಣಲ್ಲೇ ಓದಿಕೊಂಡು ಬಂದರೆ ಒಂದು ಗಂಟೆಯ ಕೆಲಸ. ಈಗ ನೀಲಿಯ ಕೆಳಗೆ ಒಂದು ಗೆರೆಯೂ ಉಳಿದಿಲ್ಲ. ಇನ್ನೂರ ಹದಿನಾರನ್ನೂ ಒಂದೊಂದಾಗಿ ಸ್ಪ್ಯಾನರ್ ಹಾಕಿಯೇ ನೋಡಬೇಕು.

"ಯಾರೋ ಮಕ್ಕಳು ಗೀಚಿದ್ದಾರೆ ಅನ್ಕೊಂಡೆ ಅಕ್ಕಾ," ಎನ್ನುತ್ತಾರೆ ಪೇಂಟರ್. ಅರವತ್ತರ ಆಸುಪಾಸಿನ, ಮೆಲುಮಾತಿನ ಮನುಷ್ಯ. "ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ತೆಗೆದೆ. ಒಂದನ್ನೂ ಬಿಡ್ಲಿಲ್ಲ."

"ಕೆಲಸ ಚೆನ್ನಾಗೇ ಮಾಡಿದ್ದೀರಿ, ಬಿಡಿ," ಎಂದು ಅವರು ಮೊದಲ ತೊಟ್ಟಿಲಿಗೆ ಸ್ಪ್ಯಾನರ್ ಹಾಕುತ್ತಾರೆ. ಪೇಂಟರ್ ಬ್ರಷ್ಷು, ಕೆಂಪು ಡಬ್ಬಿ ಹಿಡಿದು ಹಿಂದೆಯೇ ಬರುತ್ತಾರೆ. ಅಕ್ಕ ಬಿಗಿ ಮಾಡಿದ್ದಕ್ಕೆಲ್ಲ ಇವರ ಗೆರೆ. ಬಾ ಎಂದು ಯಾರೂ ಕರೆದಿರಲಿಲ್ಲ.

ಮೊದಲು ಈ ಕೆಲಸ ಗಂಡನದು. ಆಗ ಅಕ್ಕ ಟಿಕೆಟ್ ಹರಿದು ಕೊಡುತ್ತಿದ್ದರು. ಹನ್ನೊಂದು ವರ್ಷದ ಹಿಂದೆ, ಇನ್ನೊಂದು ಊರಿನ ಮೈದಾನದಲ್ಲಿ, ಮೇಲಿದ್ದ ತೊಟ್ಟಿಲೊಂದು ಒಂದು ಕಡೆಗೆ ವಾಲಿತು. ಯಾರಿಗೂ ಏನೂ ಆಗಲಿಲ್ಲ. ಒಂದು ಮಗುವಿನ ಚಪ್ಪಲಿ ಮಾತ್ರ ಕೆಳಗೆ ಬಂದು ಟಿಕೆಟ್ ಮೇಜಿನ ಮೇಲೆ ಬಿತ್ತು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಸ್ಪ್ಯಾನರ್ ಇವರ ಕೈಗೆ ಬಂತು. ಜೊತೆಗೆ ಬಂದದ್ದು 'ಅನುಮಾನದಕ್ಕ' ಎಂಬ ಅಡ್ಡಹೆಸರು.

"ಹಾಲಲ್ಲಿ ಬಾಯಿ ಸುಟ್ಕೊಂಡೋಳು ಮಜ್ಜಿಗೆನೂ ಊದಿ ಕುಡೀತಾಳೆ ಅಂತಾರೆ. ಕುಡೀತೀನಿ. ರಾಟೆ ತಿರುಗ್ತಿರೋವಾಗ ನಾನು ಜನ ನೋಡಲ್ಲ, ಅವರ ಕಾಲಲ್ಲಿರೋ ಚಪ್ಪಲಿ ನೋಡ್ತೀನಿ," ಎಂದು ಅವರು ಪೇಂಟರಿಗೆ ಹೇಳುತ್ತಾರೆ.

ಹತ್ತು ಗಂಟೆ. ನೂರ ಮೂವತ್ತು ನಟ್ಟು ಮುಗಿದಿದೆ. ಸಾಲು ಗೇಟಿನಾಚೆಗೂ ಬೆಳೆದಿದೆ. "ನನ್ನ ಮೊಮ್ಮಗಳು ಮುದುಕಿ ಆದ್ಮೇಲೆ ತಿರುಗಿಸ್ತೀರೇನಮ್ಮಾ?" ಎಂದು ಮುಂದೆ ನಿಂತ ಅಜ್ಜಿಯೊಬ್ಬರು ಕೇಳಿದಾಗ ಸಾಲಿಗೆ ಸಾಲೇ ನಗುತ್ತದೆ. ಮಾಲೀಕರಿಗೆ ನಗು ಬರುವುದಿಲ್ಲ.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೋತೀರಲ್ಲಕ್ಕಾ. ಇಷ್ಟು ಸರಿಯಿದೆ ಅಂದ್ಮೇಲೆ ಉಳಿದದ್ದೂ ಇರುತ್ತೆ. ಮೋಟಾರಿನ ಕೀ ಕೊಡಿ."

"ನಿಮ್ಮ ಮಗಳನ್ನ ಮೊದಲು ಕೂರಿಸಿ. ಕೊಡ್ತೀನಿ."

ಮಾಲೀಕರ ಮುಖ ಕೆಂಪಾಗುತ್ತದೆ. "ನಾಳೆಯಿಂದ ಬೇರೆಯವರನ್ನ ನೋಡ್ಕೋತೀನಿ."

"ನಾಳೇದು ನಾಳೆ. ಇವತ್ತು ಕೀ ನನ್ನ ಹತ್ರ ಇದೆ."

ಮಾತೇನೋ ಗಟ್ಟಿ. ಹೇಳಿದವರೇ ಮುಂದಿನ ನಟ್ಟಿಗೆ ಸ್ಪ್ಯಾನರ್ ಹಾಕುತ್ತಾರೆ. ಆದರೆ ಮಗಳ ಮನೆಯ ಬಾಡಿಗೆಗೂ ಇದೇ ಸಂಬಳ ಆಸರೆ. ಎಲ್ಲವೂ ಸರಿಯಿದ್ದರೆ ಊರಿಗೆಲ್ಲ ನಗೆಪಾಟಲು, ಕೆಲಸವೂ ಹೋಯಿತು. ಸರಿಯಿರದಿದ್ದರೆ? ನೂರ ಐವತ್ತು. ನೂರ ಅರವತ್ತು.

ಹದಿನಾಲ್ಕನೆಯ ತೊಟ್ಟಿಲು, ನೂರ ಅರವತ್ತಮೂರನೆಯ ನಟ್ಟು. ಸ್ಪ್ಯಾನರ್ ಹಾಕಿದ್ದೇ ತಡ, ನೀಲಿ ಪೊರೆ ಚಟ್ ಎಂದು ಬಿರಿದು ನಟ್ಟು ಸಲೀಸಾಗಿ ಸುತ್ತುತ್ತದೆ. ಎರಡು ಬೆರಳಲ್ಲೇ ಬಿಚ್ಚಿ, ಅವರು ಅದನ್ನು ಮಾಲೀಕರ ಅಂಗೈಯಲ್ಲಿಡುತ್ತಾರೆ. ರಜೆಯ ಹಿಂದಿನ ದಿನದ ನೂಕುನುಗ್ಗಲಿಗೆ ಸಡಿಲವಾಗಿದ್ದಿರಬೇಕು. ಮಾಲೀಕರು ಅದನ್ನೊಮ್ಮೆ, ಸಾಲಿನಲ್ಲಿರುವ ಮಕ್ಕಳನ್ನೊಮ್ಮೆ ನೋಡಿ ಮೈಕ್ ಎತ್ತಿಕೊಳ್ಳುತ್ತಾರೆ. "ಒಂದು ಗಂಟೆಗೆ ಶುರು ಮಾಡ್ತೀವಿ. ದಯವಿಟ್ಟು ಕಾಯಿರಿ." ಆಮೇಲೆ ಬಂದು, ನೆಲ ನೋಡುತ್ತ, "ನಾಳೆ ಐದೂವರೆಗೇ ಬಂದ್ಬಿಡಿ ಅಕ್ಕಾ," ಎನ್ನುತ್ತಾರೆ.

ಒಂದಕ್ಕೆ ರಾಟೆ ತಿರುಗುತ್ತದೆ. ಅಜ್ಜಿಯ ಮೊಮ್ಮಗಳು ಮೇಲಿಂದ ಕೈ ಬೀಸುತ್ತಾಳೆ. ಅನುಮಾನದಕ್ಕ ಕೆಳಗಿನ ಬೆಂಚಿನ ಮೇಲೆ ಕೂತು ಆ ಪುಟ್ಟ ಚಪ್ಪಲಿಗಳನ್ನೇ ನೋಡುತ್ತಾರೆ.

"ನಂದೇನೂ ದೊಡ್ಡ ಆಸೆ ಇಲ್ಲ. ಬೆಳಿಗ್ಗೆ ಎಷ್ಟು ಜನ ಒಳಗೆ ಬಂದ್ರೋ, ಸಂಜೆ ಅಷ್ಟೇ ಜನ ನಗ್ತಾ ಹೊರಗೆ ಹೋಗ್ಬೇಕು."

ಬೆಳಗಿನಿಂದ ಅವರ ಬಾಯಿಗೆ ಒಂದು ತುತ್ತೂ ಬಿದ್ದಿಲ್ಲ. ಅದನ್ನು ಗಮನಿಸಿದವರು ಒಬ್ಬರೇ. ಪೇಂಟರ್ ಕೈ ತೊಳೆದು ಬಂದು, ಬೆರಳ ಸಂದಿಯಲ್ಲಿ ಇನ್ನೂ ಕೆಂಪು ಉಳಿದಿರುವಂತೆಯೇ, ತಮ್ಮ ಬುತ್ತಿಯ ಮುಚ್ಚಳ ತೆಗೆದು ಅವರ ಮಡಿಲಲ್ಲಿಡುತ್ತಾರೆ. ಅವರು ತಲೆ ತಗ್ಗಿಸಿ ತುತ್ತು ತೆಗೆಯುವಾಗ, ರಾಟೆಯ ಮೇಲಿನ ಚಪ್ಪಲಿಗಳನ್ನು ಅವರ ಬದಲು ತಾವು ನೋಡುತ್ತ ನಿಲ್ಲುತ್ತಾರೆ.